ನನ್ನ ನೋವಿಗೆ ಅತ್ತೆಯ ಉತ್ತರ

ನಮ್ಮ ಕಡೆ ದವಾಖಾನೆಯಲ್ಲಿ ಸೊಸೆಗೆ ನೋವು ಎಷ್ಟಿದೆ ಎಂದು ತಿಳಿಯಬೇಕಾದರೆ ಡಾಕ್ಟರು ಅವಳ ಅತ್ತೆಯ ಮುಖ ನೋಡುತ್ತಾರೆ. ರೋಗಿ ಮಂಚದ ಮೇಲಿರುತ್ತಾಳೆ, ಉತ್ತರ ಮಂಚದ ಪಕ್ಕದ ಸ್ಟೂಲಿನಿಂದ ಬರುತ್ತದೆ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ನಾನು ಮಲಗಿದ್ದ ವಾರ್ಡಿನಲ್ಲಿ ಯಾರೂ ಅದನ್ನು ಮುರಿದದ್ದು ಕಾಣಲಿಲ್ಲ. ಹೊಟ್ಟೆ ಕೊಯ್ಸಿಕೊಂಡ ಮೇಲೆ ಸೂಜಿ ಒಳ್ಳೆಯದೋ ಗುಳಿಗೆ ಒಳ್ಳೆಯದೋ, ಬೆನ್ನಿಗೆ ಮದ್ದಿನ ನಳಿಗೆ ಹಾಕಿಸಿಕೊಳ್ಳಬೇಕೋ ಬೇಡವೋ ಎಂದು ಈಗ ಊರ ಹೆಣ್ಣುಮಕ್ಕಳು ನನ್ನನ್ನು ಕೇಳಲು ಬರುತ್ತಾರೆ. ಎರಡು ಸಲ ಹೊಟ್ಟೆ ಕೊಯ್ಸಿಕೊಂಡವಳು ನಾನು, ಎಲ್ಲ ಬಗೆಯನ್ನೂ ಉಂಡವಳು. ಮದ್ದಿನ ಮಾತು ಆಮೇಲೆ, ಮೊದಲು ಸ್ಟೂಲಿನ ಮೇಲೆ ಯಾರು ಕೂಡುತ್ತಾರೆ ಅದನ್ನು ನೋಡಿಕೊಳ್ಳಿ ಎಂದು ಅವರಿಗೆ ಹೇಳುತ್ತೇನೆ.

ನಾನು ಜೇವರ್ಗಿಯ ಹುಡುಗಿ, ಹೆಸರು ಮಹಾದೇವಿ. ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ಕೊಟ್ಟರು. ಅಲ್ಲಿಯೇ ಅಂಗನವಾಡಿಯಲ್ಲಿ ಕೆಲಸ. ಗಂಡ ಶಿವಶರಣಪ್ಪ ಒಳ್ಳೆಯ ಮನುಷ್ಯ, ಅಂದರೆ ಯಾರ ಮಾತನ್ನೂ ತೆಗೆದುಹಾಕದ ಮನುಷ್ಯ. ಮನೆಯಲ್ಲಿ ಅವರ ಅಣ್ಣ, ಎಂದರೆ ನನ್ನ ಭಾವ, ಮತ್ತು ಅತ್ತೆ ಗುರುಬಾಯಿ. ಅತ್ತೆಯ ತವರು ಅಫಜಲಪುರದ ಕಡೆ. ಅಲ್ಲಿ ಹಿಂದೆ ಶಿಬಿರದಲ್ಲಿ ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡು, ಟೆಂಪೋದಲ್ಲಿ ಕೂತು ಊರಿಗೆ ಬಂದು, ಅಂದು ಸಂಜೆಯೇ ಹೊಲದ ಆಳುಗಳಿಗೆ ರೊಟ್ಟಿ ಬಡಿದೆ ಎಂದು ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಆ ಕತೆಯಲ್ಲಿ ಒಂದು ಬುಟ್ಟಿ ರೊಟ್ಟಿ ಇತ್ತು. ನನ್ನ ಮಗ ಶಾಲೆಗೆ ಹೋಗುವ ಹೊತ್ತಿಗೆ ಅದು ಎರಡು ಬುಟ್ಟಿಯಾಗಿತ್ತು.

ಮೊದಲ ಸಲ ನೋವು ಬಂದದ್ದು ತೊಗರಿ ರಾಶಿಯ ದಿನಗಳಲ್ಲಿ. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಗೆ ಇಳಿಯಿತು. ಅತ್ತೆ ವಾಯು ಎಂದರು, ಅಜವಾನ ಕುದಿಸಿ ಕುಡಿಸಿದರು. ಮರುದಿನವೂ ವಾಯು ಎಂದರು. ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ನೆಲಕ್ಕೆ ಕೂತವಳು ಮೇಲೇಳಲಿಲ್ಲ. ಆಳಂದದ ಒಂದು ಖಾಸಗಿ ದವಾಖಾನೆಗೆ ಒಯ್ದು ಹೊರಗಿನ ಬಾಕಿನ ಮೇಲೆ ಮಲಗಿಸಿದರು. ಎದುರು ಕೂತ ಹೆಂಗಸೊಬ್ಬಳು ಬಾಳೆಹಣ್ಣು ಸುಲಿಯುತ್ತ, “ಏನಾಗ್ಯಾದ್ರಿ ಇವ್ರಿಗಿ?” ಎಂದು ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಅತ್ತೆಯನ್ನು. “ಏನಿಲ್ರಿ, ಜರಾ ವಾಯು ಆಗ್ಯಾದ,” ಎಂದರು ಅತ್ತೆ. ಆ ಹೊತ್ತಿಗೆ ನನ್ನ ಅಪೆಂಡಿಕ್ಸ್ ಒಳಗೇ ಒಡೆದು ಹೊಟ್ಟೆ ತುಂಬ ಕೀವು ಹರಡಿತ್ತು ಎಂದು ಆಮೇಲೆ ಗೊತ್ತಾಯಿತು.

ಹೊಕ್ಕುಳ ಮೇಲಿಂದ ಕೆಳಗಿನವರೆಗೆ ಕೊಯ್ದು ತೊಳೆದು ಹೊಲಿದರು. ಎಚ್ಚರವಾದಾಗ ಹೊಟ್ಟೆಯ ಜಾಗದಲ್ಲಿ ಕೆಂಡದ ಒಲೆ ಇಟ್ಟಂತಿತ್ತು. ಹೆರಿಗೆಯ ನೋವು ನನಗೆ ಗೊತ್ತು, ಅದು ಬಂದು ಹೋಗುತ್ತದೆ, ನಡುವೆ ಉಸಿರಾಡಲು ಬಿಡುತ್ತದೆ. ಇದು ಬಿಡುವುದಿಲ್ಲ. ಉಸಿರು ಎಳೆದರೆ ನೋವು, ಬಿಟ್ಟರೆ ನೋವು, ಉಗುಳು ನುಂಗಿದರೆ ನೋವು. ಡಾಕ್ಟರು ಬಂದು ಮಂಚದ ತುದಿಗೆ ನಿಂತು, “ಬ್ಯಾನಿ ಹ್ಯಾಂಗದ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿಯಾಗಿತ್ತು.

“ಆರಾಮ ಅದಾಳ್ರಿ ಸಾಹೇಬ್ರ. ಜರಾ ಚುಟುಚುಟು ಅಂತದ, ಅಷ್ಟ.”

ಡಾಕ್ಟರು ತಲೆಯಾಡಿಸಿ, ನೋವಿನ ಸೂಜಿ ಬೇಕೆನಿಸಿದರೆ ಕೊಡಿ ಎಂದು ಸಿಸ್ಟರ್‌ಗೆ ಹೇಳಿ ಮುಂದಿನ ಮಂಚಕ್ಕೆ ಹೋದರು. ಯಾರಿಗೆ ಬೇಕೆನಿಸಿದರೆ ಎಂದು ಅವರು ಹೇಳಲಿಲ್ಲ.

ಅತ್ತೆ ನನ್ನನ್ನು ಬಿಟ್ಟು ಕದಲಲಿಲ್ಲ, ಅದೇ ಕಷ್ಟವಾಗಿತ್ತು. ಮೈ ಒರೆಸಿದರು, ಗಂಜಿ ಕುಡಿಸಿದರು, ನನ್ನ ಮೂತ್ರದ ಚೀಲವನ್ನು ಮೂಗು ಮುಚ್ಚದೆ ಎತ್ತಿ ಹಿಡಿದರು. ಸ್ವಂತ ಮಗಳಿಗೂ ಇಷ್ಟು ಮಾಡುವುದಿಲ್ಲ ಎಂದು ವಾರ್ಡಿನವರೆಲ್ಲ ಹೊಗಳಿದರು. ನೋವಿನ ವಿಷಯವೊಂದು ಬಿಟ್ಟು ಎಲ್ಲವನ್ನೂ ನೋಡಿಕೊಂಡರು. ಸೂಜಿ ಮಾಡಿದರೆ ಗಾಯ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮೈಗೆ ನಶೆಯ ಚಟ ಹತ್ತುತ್ತದೆ, ಆಮೇಲೆ ಹೊಲಮನೆ ಕೆಲಸಕ್ಕೆ ಬರುವುದಿಲ್ಲ ಎಂಬುದು ಅವರ ಲೆಕ್ಕ. ಸೂಜಿಯ ಬದಲಿಗೆ ಗಾಣಗಾಪುರದ ದತ್ತನ ಭಸ್ಮ ತರಿಸಿ ನನ್ನ ಹಣೆಗೆ ಹಚ್ಚಿದರು. ಭಸ್ಮಕ್ಕೆ ನನ್ನ ತಕರಾರಿಲ್ಲ. ಅದು ಹಣೆಗೆ ತಂಪಾಗಿತ್ತು, ಹೊಟ್ಟೆಗೆ ಅದರ ಸುದ್ದಿ ಮುಟ್ಟಲಿಲ್ಲ.

ಗಂಡ ಬಂದಾಗ ಮೆಲ್ಲಗೆ, “ಭಾಳ ನೋಯಾಕತ್ತದ್ರಿ, ಸಿಸ್ಟರ್‌ಗ ಹೇಳ್ರಿ,” ಅಂದೆ. ಆತ ಅತ್ತ ಇತ್ತ ನೋಡಿದ. “ಅವ್ವ ಅದಾಳಲ್ಲ, ಆಕಿಗಿ ಹೇಳು,” ಅಂದ. ಹೀಗೆ ನನ್ನ ಅರ್ಜಿ ಮತ್ತೆ ಅದೇ ಕಚೇರಿಗೆ ಹೋಯಿತು.

ಭಾವ ನೋಡಲು ಬಂದ ದಿನವನ್ನು ನಾನು ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಭಾವನ ಮುಂದೆ ಸೊಸೆಯ ತಲೆಯ ಮೇಲೆ ಸೆರಗು ಇರಬೇಕು. ದವಾಖಾನೆಯ ಮಂಚದ ಮೇಲೂ ಇರಬೇಕು ಎಂದು ನನಗೆ ಅಂದು ತಿಳಿಯಿತು. ಬಾಗಿಲಲ್ಲಿ ಭಾವನ ಚಪ್ಪಲಿಯ ಸದ್ದಾಗುತ್ತಲೂ ಅತ್ತೆ ನನಗೆ ಕಣ್ಣಲ್ಲೇ ಹೇಳಿದರು. ಒಂದು ಕೈಗೆ ಸಲೈನ್ ಇತ್ತು. ಇನ್ನೊಂದು ಕೈಯನ್ನು ತಲೆಯವರೆಗೆ ಎತ್ತಿದೆ. ಕೈ ಎತ್ತಲು ಹೊಟ್ಟೆ ಬೇಕಾಗುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಹೊಲಿಗೆಗಳಷ್ಟೂ ಒಟ್ಟಿಗೆ ಜಗ್ಗಿದವು. ಸೆರಗು ತಲೆಯ ಮೇಲೆ ಬಂತು, ಕಣ್ಣಲ್ಲಿ ನೀರು ಬಂತು. ಭಾವ ಗೋಡೆಯ ಕಡೆ ಮುಖ ಮಾಡಿ ಕುಳಿತು, ತೊಗರಿಯ ಧಾರಣೆ ಮಾತಾಡಿ, ಟೀ ಕುಡಿದು ಹೋದರು. ಅವರು ನನ್ನ ತಲೆಯನ್ನಾಗಲಿ ಸೆರಗನ್ನಾಗಲಿ ನೋಡಲೇ ಇಲ್ಲ.

ಮಾತಾಡಿಸಲು ಬರುವವರದು ಇನ್ನೊಂದು ಬಗೆ. ಬ್ರೆಡ್ಡು, ಎಳನೀರು ತರುತ್ತಾರೆ, ಜೊತೆಗೆ ತಮ್ಮ ಮನೆಯ ಆಪರೇಶನ್ನುಗಳನ್ನೂ ತರುತ್ತಾರೆ. ಮಟಕಿ ಊರಿನಿಂದ ಬಂದ ಅತ್ತೆಯ ತಂಗಿ, “ನಮ್ಮ ಸೊಸಿ ಒಂದಿನಾನೂ ಹಾಂ ಹೂಂ ಅನಲಿಲ್ಲ ನೋಡಬೇ, ಗಟ್ಟಿಗಿತ್ತಿ,” ಎಂದು ಹೇಳಿ ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ನಗಿಸಿದರೆ ನೋವು ಮರೆಯುತ್ತದೆಂದು ಬಗೆದು ತನ್ನ ಗಂಡ ಕೋಣದ ಮೇಲಿಂದ ಬಿದ್ದ ಕತೆ ಹೇಳಿದಳು. ಕತೆ ನಿಜಕ್ಕೂ ಚೆನ್ನಾಗಿತ್ತು. ಹೊಟ್ಟೆ ಹೊಲಿಸಿಕೊಂಡವರನ್ನು ನಗಿಸುವುದಕ್ಕಿಂತ ಬಡಿಗೆಯಿಂದ ಹೊಡೆಯುವುದು ವಾಸಿ.

ಒಮ್ಮೆ ಅತ್ತೆ ಬಿಸಿನೀರು ತರಲು ಕೆಳಗೆ ಹೋದರು. ಅದೇ ವೇಳೆಗೆ ಸಿಸ್ಟರ್ ಬಂದಳು. ನಾನು ಅವಳ ಅಂಗಿಯ ತುದಿ ಹಿಡಿದುಕೊಂಡೆ. “ನಿಮ್ಮ ಕಾಲಿಗಿ ಬೀಳ್ತೇನ್ರಿ, ಸೂಜಿ ಮಾಡ್ರಿ.” ಅವಳಿಗೆ ಆಶ್ಚರ್ಯವಾಯಿತು. “ನಿಮ್ಮತ್ತಿ ಬ್ಯಾನಿ ಇಲ್ಲಂದ್ರಲ್ರಿ,” ಎಂದಳು. ಆದರೂ ಸೂಜಿ ಮಾಡಿದಳು. ಸ್ವಲ್ಪ ಹೊತ್ತಿಗೆ ನೋವು ನನ್ನ ಮೈಯಿಂದ ಇಳಿದು ಪಕ್ಕದಲ್ಲಿ ನಿಂತಿತು. ಹೋಗಿರಲಿಲ್ಲ, ಇತ್ತು, ಆದರೆ ಅದಕ್ಕೂ ನನಗೂ ನಡುವೆ ಜಾಗವಿತ್ತು. ಸುಖಕ್ಕೆ ನನಗೆ ಅಳು ಬಂತು.

ಆ ಸುಖ ಸಂಜೆಯವರೆಗೂ ಬಾಳಲಿಲ್ಲ. ಆ ಸೂಜಿ ಕೆಲವರಿಗೆ ವಾಂತಿ ತರಿಸುತ್ತದಂತೆ, ನನಗೆ ತರಿಸಿತು. ಹೊಲಿದ ಹೊಟ್ಟೆ ಇಟ್ಟುಕೊಂಡು ವಾಂತಿ ಮಾಡುವುದನ್ನು ನನ್ನ ವೈರಿಗೂ ಬಯಸಲಾರೆ. ಒಂದೊಂದು ಓಕರಿಕೆಗೂ ಗಾಯ ಈಗ ಬಿಚ್ಚಿತು, ಈಗ ಬಿಚ್ಚಿತು ಅನಿಸುತ್ತಿತ್ತು. ಅತ್ತೆ ತಟ್ಟೆ ಹಿಡಿದು ನಿಂತಿದ್ದರು. “ನನ್ನ ಕಣ್ಣ ತಪ್ಪಿಸಿ ಸೂಜಿ ಮಾಡಿಸ್ಕೊಂಡಿಯಲ್ಲ, ಉಣ್ಣು ಈಗ,” ಎಂದರು. ಆಮೇಲೆ ಬಂದ ನೆಂಟರಿಗೆಲ್ಲ ಆ ಕತೆ ಹೇಳಿದರು. ನಾನು ಬಂಗಾರ ಕದ್ದು ಸಿಕ್ಕಿಬಿದ್ದವಳಂತೆ ಗೋಡೆಗೆ ಮುಖ ಮಾಡಿ ಮಲಗಿದೆ. ಅಲ್ಲಿಂದ ಮನೆಗೆ ಕಳಿಸುವವರೆಗೆ ಮತ್ತೆ ಸೂಜಿ ಕೇಳಲಿಲ್ಲ.

ನೋವಿಗೆ ಹೆದರಿ ನಾನು ಉಸಿರನ್ನು ಮೇಲುಮೇಲೆ ಆಡಿದೆ. ಕೆಮ್ಮು ಬಂದರೆ ನುಂಗಿದೆ. ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು, ಕೊನೆಗೆ ನುಂಗಲಾಗದಂಥ ಕೆಮ್ಮು ಬಂತು. ಮನೆಯ ಪಡಸಾಲೆಯಲ್ಲಿ ಕೂತು ಕೆಮ್ಮುತ್ತಿದ್ದಾಗ ಹೊಟ್ಟೆಯೊಳಗೆ ಏನೋ ಪಟ್ಟೆಂದಿತು, ಸೀರೆ ಒದ್ದೆಯಾಯಿತು. ಗಾಯ ಬಿಚ್ಚಿತ್ತು. ಅದು ಕೂಡಲು ಬೇಸಿಗೆಯೆಲ್ಲ ಹಿಡಿಯಿತು. ಕೂಡಿದ ಮೇಲೂ ಎದ್ದು ನಿಂತರೆ ಗಾಯದ ಜಾಗದಲ್ಲಿ ಕರುಳು ಗಂಟಿನಂತೆ ಹೊರಗೆ ಉಬ್ಬುತ್ತಿತ್ತು. ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಅಂಗನವಾಡಿಗೆ ಹೋಗಿ ಬರುತ್ತಿದ್ದೆ. ಟೀಚರ್ ಹೊಟ್ಟೆಯಲ್ಲಿ ಪಾಪು ಇದೆ ಎಂದು ಮಕ್ಕಳು ಮಾತಾಡಿಕೊಂಡರು.

ಆ ದಿನಗಳಲ್ಲಿ ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಬಹುದು. ಬಂತು. ಒಲೆಯ ಮುಂದೆ ಅವರ ಬೆನ್ನು ನೋಡಿದರೆ ಪಾತ್ರೆ ಕುಕ್ಕಿ ಇಡುವಷ್ಟು ಬಂತು. ಆದರೆ ಒಂದೇ ಮನೆ, ಒಂದೇ ಒಲೆ. ಹೇಗಾದರೂ ಬಾಳಬೇಕಲ್ಲ. ನನಗೆ ನಾನೇ ಒಂದು ಮಾತು ಹೇಳಿಕೊಂಡೆ. ಪಾಪ, ಆಕೆಗೆ ತಿಳಿಯಲಿಲ್ಲ. ನೋವೆಂದರೆ ಏನೆಂದು ಗೊತ್ತಾಗದ ಗಟ್ಟಿ ಮೈ, ನನ್ನದೂ ಹಾಗೇ ಎಂದುಕೊಂಡರು. ತಿಳಿಯದೆ ಮಾಡಿದ್ದಕ್ಕೆ ಏನು ಸಿಟ್ಟು. ಈ ಮಾತನ್ನು ದಿನವೂ ಹೇಳಿಕೊಂಡೆ, ದಿನ ಹೋದಂತೆ ಅದು ನಿಜವೇ ಆಯಿತು. ಮತ್ತೆ ಅವರ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯಲು ನನಗೆ ಸಾಧ್ಯವಾಯಿತು.

ಆ ಗಂಟಿಗಾಗಿ ಎರಡನೇ ಸಲ ಹೊಟ್ಟೆ ಕೊಯ್ಸಲು ಕಲಬುರಗಿಗೆ ಹೋದೆವು. ಅಲ್ಲಿನ ಡಾಕ್ಟರು ಹೆಂಗಸು, ನನ್ನದೇ ವಯಸ್ಸಿನವರು. ಹೊಟ್ಟೆ ಮುಟ್ಟಿ ನೋಡಿ, “ಆವಾಗ ನೋವಿಗೆ ಏನು ಕೊಟ್ಟಿದ್ದರು?” ಎಂದು ಕೇಳಿದರು. “ಸಬೂರಿ ಕೊಟ್ಟಿದ್ರು,” ಅಂದೆ. ಅವರು ನಗಲಿಲ್ಲ. ಒಳಗೆ ಬಲೆಯಂಥ ಜಾಳಿಗೆ ಇಟ್ಟು ಹೊಲಿಯಬೇಕು, ಈ ಸಲ ಬೆನ್ನಿಗೆ ಸಣ್ಣ ನಳಿಗೆ ಹಾಕಿ ಅದರಿಂದ ಮದ್ದು ಬಿಡುತ್ತೇವೆ, ನೀವು ಚೆನ್ನಾಗಿ ಕೆಮ್ಮಬೇಕು ಎಂದರು. ಬೆನ್ನಿನ ಸೂಜಿ ಎಂದೊಡನೆ ಮನೆಯಲ್ಲಿ ಗದ್ದಲವಾಯಿತು. ಬೆನ್ನಿಗೆ ಸೂಜಿ ಹಾಕಿಸಿಕೊಂಡವಳು ಸಾಯುವತನಕ ನಡ ಹಿಡಿದುಕೊಂಡೇ ಇರುತ್ತಾಳೆ, ಬಗ್ಗಿ ಒಂದು ಕೊಡ ನೀರೂ ಎತ್ತುವುದಿಲ್ಲ ಎಂದು ಅತ್ತೆ ಅಂದರು. ನನಗೂ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸ್ಟೂಲಿನ ಭಯ ಅದಕ್ಕಿಂತ ದೊಡ್ಡದಿತ್ತು. ಜೇವರ್ಗಿಗೆ ಫೋನು ಮಾಡಿ ಅಕ್ಕನನ್ನು ಕರೆದೆ.

ಅಕ್ಕ ಸಿದ್ದಮ್ಮ ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರ ಖಡಕ್ ರೊಟ್ಟಿ ಮಾರುತ್ತಾಳೆ. ಅವಳ ಬಾಯಿಗೆ ಕಂಡಕ್ಟರುಗಳೂ ಹೆದರುತ್ತಾರೆ. ಆಪರೇಶನ್ನಿಗೆ ಮುಂಚೆಯೇ ಬಂದು ಸ್ಟೂಲು ಹಿಡಿದು ಕೂತಳು. ಆಮೇಲೆ ಅತ್ತೆ ಗಂಟು, ಬುತ್ತಿ ಹಿಡಿದು ಬಂದರು. ಬಂದವರಿಗೆ ಅಕ್ಕ ಎದ್ದು ಜಾಗ ಕೊಡಬೇಕು, ಅದು ರೀತಿ. ಅಕ್ಕ ಏಳಲಿಲ್ಲ.

“ಬರ್ರಿ ಬೀಗತಿ. ಬುತ್ತಿ ಇಟ್ಟು ಹೋಗ್ರಿ. ಮನ್ಯಾಗ ಎಮ್ಮಿ ಹಿಂಡವ್ರು ಯಾರದಾರ?”

“ನನ್ನ ಸೊಸಿ ಆಕಿ,” ಅಂದರು ಅತ್ತೆ.

“ಹೌದ್ರಿ, ನಿಮ್ಮ ಸೊಸಿನೇ. ಹೋದ ಸಲ ನೀವು ನೋಡಿದ್ರಿ, ಹೊಟ್ಟಿ ಬಿಚ್ಚಿತು. ಈ ಸಲ ನಾ ನೋಡ್ತೇನಿ.”

ಅತ್ತೆ ಬುತ್ತಿಯನ್ನು ನನ್ನ ಕಾಲ ಬಳಿ ಇಟ್ಟು ಹೋದರು. ಅದರಲ್ಲಿ ನನಗೆ ಇಷ್ಟವೆಂದು ಮಾಡಿದ ಶೇಂಗಾ ಹೋಳಿಗೆ ಇತ್ತು. ಹೊಟ್ಟೆ ಕೊಯ್ಸಿಕೊಳ್ಳಲು ಉಪವಾಸ ಇದ್ದವಳಿಗೆ ಹೋಳಿಗೆ. ನಾವಿಬ್ಬರೂ ಅದನ್ನು ನೋಡಿ ನಕ್ಕೆವು, ಆಗಿನ್ನೂ ನಗಬಹುದಿತ್ತು.

ಬೆನ್ನಿನ ನಳಿಗೆಯ ಬಗ್ಗೆ ಕೇಳುವವರಿಗೆ ಹೇಳುತ್ತೇನೆ. ಹಾಕುವಾಗ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕೂರಬೇಕು, ಸೊಳ್ಳೆ ಕಚ್ಚಿದ್ದಕ್ಕಿಂತ ಹೆಚ್ಚು, ಚೇಳು ಕಚ್ಚಿದ್ದಕ್ಕಿಂತ ಕಡಿಮೆ. ಎಚ್ಚರವಾದಾಗ ಹೊಟ್ಟೆ ಯಾರದೋ ಎನ್ನುವಂತಿತ್ತು. ಕೈ ಮುಟ್ಟಿಸಿದರೆ ಬಟ್ಟೆ ಸಿಕ್ಕಿತು, ನೋವು ಸಿಗಲಿಲ್ಲ. ದಿಂಬನ್ನು ಹೊಟ್ಟೆಗೆ ಅಪ್ಪಿಕೊಂಡು ಕೆಮ್ಮಿದೆ, ಕೆಮ್ಮಲು ಬಂತು. ಇಷ್ಟು ಸುಲಭವಿತ್ತೇ ಎಂದು ಅನಿಸಿದ್ದೇ ತಡ ಆಳಂದದ ದಿನಗಳು ನೆನಪಾಗಿ ಹೊಟ್ಟೆ ಉರಿಯಿತು. ಆ ಉರಿಗೆ ನಳಿಗೆಯಲ್ಲಿ ಮದ್ದಿರಲಿಲ್ಲ. ಬೆನ್ನು ಇವತ್ತಿಗೂ ಚೆನ್ನಾಗಿದೆ, ಕೊಡ ನೀರು ಎತ್ತುತ್ತೇನೆ.

ಆದರೆ ಅಕ್ಕನದೂ ಒಂದು ಕತೆ. ಸಿಸ್ಟರ್ ಬಂದು, “ನೋವು ಹತ್ತರೊಳಗ ಎಷ್ಟು ಹೇಳ್ರಿ,” ಎಂದರೆ ಅಕ್ಕ ರೊಟ್ಟಿ ವ್ಯಾಪಾರಕ್ಕೆ ಇಳಿದಂತೆ ಇಳಿಯುತ್ತಿದ್ದಳು. “ಹತ್ತು ಗಿತ್ತು ನಮಗ ತಿಳಿಯಂಗಿಲ್ರಿ. ರೂಪಾಯಿದಾಗ ಹದಿನಾಲ್ಕಾಣೆ ಅದ. ಮದ್ದು ಏರಿಸ್ರಿ.” ನಮ್ಮ ಕಡೆ ಬೇನೆಯನ್ನು ಆಣೆಯ ಲೆಕ್ಕದಲ್ಲೇ ಹೇಳುವುದು. ಹದಿನಾರಾಣೆ ಎಂದರೆ ತುಂಬು ರೂಪಾಯಿ, ಅದಕ್ಕಿಂತ ಮೇಲೆ ನೋವಿಲ್ಲ. ಮದ್ದು ಏರಿಸಿದರು. ಕಾಲು ಮರದ ಕೊರಡಾದವು, ಮೈಯೆಲ್ಲ ತುರಿಕೆ ಎದ್ದಿತು, ಬಿಪಿ ಇಳಿದು ಕಣ್ಣಿಗೆ ಕತ್ತಲೆ ಬಂತು. ನನಗೆ ಆಗ ನಾಲ್ಕಾಣೆ ನೋವೂ ಇರಲಿಲ್ಲ. ಅಕ್ಕನೂ ನನ್ನನ್ನು ಕೇಳಿರಲಿಲ್ಲ.

ಡಾಕ್ಟರಮ್ಮ ಓಡಿ ಬಂದು ಮದ್ದು ಇಳಿಸಿದರು. ಆಮೇಲೆ ಅಕ್ಕನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಸ್ಟೂಲಿನ ಮೇಲೆ ತಾವೇ ಕೂತು, “ಮಹಾದೇವಿ, ನೀವೇ ಹೇಳಿ. ನೋವು ಎಷ್ಟಿದೆ?” ಎಂದರು. ಹುಟ್ಟಿದಾಗಿನಿಂದ ಯಾರೂ ನನ್ನ ಹೆಸರು ಹಿಡಿದು ಈ ಪ್ರಶ್ನೆ ಕೇಳಿರಲಿಲ್ಲ. ಎಷ್ಟು ಹೇಳಿದರೆ ಅವರಿಗೆ ಬೇಸರವಾಗುವುದಿಲ್ಲ ಎಂದು ಯೋಚಿಸುತ್ತಿದ್ದೆ. ಅವರು ಕಾದರು. ಕೊನೆಗೆ “ಮೂರಾಣೆ,” ಅಂದೆ. ಅವರು ಅದನ್ನೇ ನಂಬಿದರು.

ಕಳೆದ ಮಳೆಗಾಲದಲ್ಲಿ ಅತ್ತೆಯ ಕರುಳು ತಿರುಚಿಕೊಂಡಿತು. ಮೊದಲ ದಿನ ಅವರೂ ವಾಯು ಎಂದರು. ಕಲಬುರಗಿಯ ಅದೇ ದವಾಖಾನೆಗೆ ಒಯ್ದೆವು. ಹೊಟ್ಟೆ ಕೊಯ್ದರು, ನನಗೆ ಕೊಯ್ದಲ್ಲಿಯೇ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದುದರಿಂದ ಅವರಿಗೆ ಬೆನ್ನಿನ ನಳಿಗೆ ಹಾಕುವಂತಿರಲಿಲ್ಲ. ಸಲೈನಿನಲ್ಲಿ ಸ್ವಲ್ಪ ಮದ್ದು, ಮಿಕ್ಕದ್ದು ಸೂಜಿ, ಕೇಳಿದಾಗ. ದವಾಖಾನೆ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ, ಹಾಗಾಗಿ ಸ್ಟೂಲು ನನ್ನ ಪಾಲಿಗೆ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಊರಿನವರು ನನ್ನ ಮುಂದೆಯೇ ನಕ್ಕರು.

ಎಚ್ಚರವಾದ ಮೇಲೆ ಅತ್ತೆ ಉಸಿರನ್ನು ಮೇಲುಮೇಲೆ ಆಡುತ್ತಿದ್ದರು. ಆ ಉಸಿರು ನನಗೆ ಚೆನ್ನಾಗಿ ಗೊತ್ತಿತ್ತು. ಗಂಡ, ಭಾವ ಇಬ್ಬರೂ ಮಂಚದ ತುದಿಗೆ ನಿಂತಿದ್ದರು. ಸಿಸ್ಟರ್ ಬಂದು, “ಬ್ಯಾನಿ ಎಷ್ಟದ್ರಿ?” ಎಂದಳು. ಎಲ್ಲ ಸಿಸ್ಟರುಗಳಂತೆ ಅವಳೂ ನನ್ನ ಮುಖ ನೋಡಿದಳು. ಆ ಗಳಿಗೆಯಲ್ಲಿ ನನಗೆ ಸುಖವಾಯಿತು. ಆರಾಮ ಅದಾರ್ರಿ, ಜರಾ ಚುಟುಚುಟು ಅಂತದ, ಅಷ್ಟ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಬೆಲ್ಲದ ಹಾಗೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅದೇ ಮಾತು ನೆನಪಿತ್ತೋ ಏನೋ.

“ಅವ್ರನ್ನೇ ಕೇಳ್ರಿ,” ಅಂದೆ.

ಸಿಸ್ಟರ್ ಅತ್ತ ತಿರುಗಿದಳು. ಅತ್ತೆ ಮಕ್ಕಳಿಬ್ಬರನ್ನೂ ನೋಡಿದರು. “ಏನೂ ಇಲ್ರಿ. ಆರಾಮ ಅದೇನಿ,” ಎಂದರು. ಹೇಳುವಾಗ ಮಂಚದ ಕಂಬಿ ಹಿಡಿದ ಬೆರಳು ಬೆಳ್ಳಗಾಗಿದ್ದವು, ಕಣ್ಣಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು. “ನಮ್ಮವ್ವ ಗಟ್ಟಿ ಅದಾಳ್ರಿ,” ಎಂದರು ಭಾವ. ಸಿಸ್ಟರ್ ಹೊರಡಲು ಅಣಿಯಾದಳು.

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. “ಭಾವ, ನೀವಿಬ್ರೂ ಹೊರಗ ನಡೀರಿ,” ಅಂದೆ. ನನ್ನ ತಲೆಯ ಮೇಲೆ ಸೆರಗಿರಲಿಲ್ಲ. ಅವರು ಹೋದರು, ಗಂಡನೂ ಹಿಂದೆಯೇ ಹೋದ. ನಾನು ಬಾಗಿಲು ಹಾಕಿದೆ.

“ಈಗ ಹೇಳ್ರಿ ಅತ್ತಿ. ಯಾರೂ ಇಲ್ಲ.”

“ನೀ ಹೇಳಬೇ.”

“ನಾ ಹೇಳಂಗಿಲ್ಲ.”

“ನಿನಗ ಗೊತ್ತದ ಅಲ್ಲೇನು.”

“ಗೊತ್ತದ. ನಿಮ್ಮ ಬಾಯಿಲೇ ಹೇಳ್ರಿ.”

ಸಿಸ್ಟರ್‌ಗೆ ಬೇರೆ ಮಂಚಗಳಿದ್ದವು, ಅವಳು ಗಡಿಯಾರ ನೋಡಿದಳು. ನಾನು ಅವಳ ಕೈ ಬಿಡಲಿಲ್ಲ. ಒಂದು ಮಾತು ಹೇಳಿದರೆ ಸೂಜಿ ಬರುತ್ತಿತ್ತು, ಹೇಳಬಲ್ಲವಳು ನಾನಿದ್ದೆ, ಹೇಳಲಿಲ್ಲ. ಇದು ಕ್ರೂರವೆಂದು ನನಗೆ ಗೊತ್ತಿತ್ತು. ನೋವು ಎಂಬ ಶಬ್ದವನ್ನು ತಮ್ಮ ಮೈಗೆ ಹಚ್ಚಿ ಆಡಿ ಅತ್ತೆಗೆ ಅಭ್ಯಾಸವಿರಲಿಲ್ಲ. ಕೊನೆಗೆ ನನ್ನನ್ನು ಬಿಟ್ಟು ಸಲೈನಿನ ಬಾಟಲಿಯ ಕಡೆ ನೋಡುತ್ತ ಹೇಳಿದರು.

“ಆಳಂದದಾಗ ಇಕಿಗಿ ಆಗಿತ್ತಲ್ರಿ ಸಿಸ್ಟರ್. ಅಷ್ಟದ.”

ನನ್ನ ಕೈ ತಾನಾಗಿಯೇ ಸಡಿಲವಾಯಿತು. ಹಾಗಾದರೆ ಗೊತ್ತಿತ್ತು. ಆ ಸ್ಟೂಲಿನ ಮೇಲೆ ಕೂತು ಆರಾಮ ಅದಾಳ್ರಿ ಎಂದಾಗಲೂ ಗೊತ್ತಿತ್ತು, ತಟ್ಟೆ ಹಿಡಿದು ಉಣ್ಣು ಎಂದಾಗಲೂ ಗೊತ್ತಿತ್ತು. ಎಷ್ಟು ಎಂಬುದು ಸಹ ಗೊತ್ತಿತ್ತು. ತಿಳಿಯದೆ ಮಾಡಿದರು ಎಂಬ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಅವರ ಜೊತೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೆ.

“ಅಂದ್ರ ಎಷ್ಟ್ರೀ ಅಕ್ಕಾರ?” ಸಿಸ್ಟರ್ ಮತ್ತೆ ನನ್ನನ್ನು ಕೇಳಿದಳು.

“ಹದಿನಾರಾಣೆ,” ಅಂದೆ. “ಸೂಜಿ ಮಾಡ್ರಿ.”

ಅವಳು ಸೂಜಿ ತರಲು ಹೋದಳು. ತರುವವರೆಗೆ ನಾನು ಸ್ಟೂಲಿನ ಮೇಲೆಯೇ ಕೂತಿದ್ದೆ. ಅತ್ತೆಯಾಗಲಿ ನಾನಾಗಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.